ಹೆಸರು ಕಳಚಿದ ಕಡತಗಳು

ಈ ಸಂಚಿಕೆಗೆ ಬಂದ ಲೇಖನಗಳನ್ನು ಬೆರಳಚ್ಚು ಮಾಡಿ ಇರಿಸುವ ಹೊಣೆ, ಹಳೆ ವಿದ್ಯಾರ್ಥಿಯೆಂಬ ಸಲುಗೆಯಿಂದ, ನನ್ನ ಪಾಲಿಗೆ ಬಂದಿತ್ತು. ಆಷಾಢದ ಒಂದು ಸಂಜೆ ಸಿಡಿಲೆರಗಿ ವಿದ್ಯುತ್ತು ಕಡಿದುಹೋಯಿತು. ಅದು ಮರಳಿದ ಮೇಲೆ ನನ್ನ ಲಿನಕ್ಸ್ ಗಣಕದಲ್ಲಿ ಲೇಖನಗಳ ಡೈರೆಕ್ಟರಿಯನ್ನು ತೆರೆದರೆ ಕೆಲವು ಹೆಸರುಗಳ ಎದುರು ಬರಿಯ ಪ್ರಶ್ನಾರ್ಥಕ ಚಿಹ್ನೆಗಳು. ಉಳಿದವು ಕಾಣಿಸಲೇ ಇಲ್ಲ. ಕಾಣದವುಗಳಲ್ಲಿ ನಮಗೆ ಕನ್ನಡ ಕಲಿಸಿದ ಮಾಸ್ತರರ ಲೇಖನವೂ ಒಂದು. ಅವರು ಹೇಳುತ್ತ ಹೋದಂತೆ ನಾನು ನೇರವಾಗಿ ಗಣಕದಲ್ಲೇ ಬರೆದುಕೊಂಡದ್ದು. ಅದಾಗಿ ತಿಂಗಳೊಳಗೆ ಅವರು ತೀರಿಕೊಂಡಿದ್ದರು. ಬೇರೆ ಪ್ರತಿ ಇರಲಿಲ್ಲ; ಆ ತಪ್ಪು ನನ್ನದೇ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸಿನ ಪದ್ಧತಿಯೇ ಇಲ್ಲಿಯೂ ಉಳಿದಿದೆ. ಡೈರೆಕ್ಟರಿಯೆಂದರೆ ಹಾಜರಿ ಪುಸ್ತಕದಂತೆ: ಒಂದು ಹೆಸರು, ಅದರ ಎದುರು ಒಂದು ಸಂಖ್ಯೆ. (ಹಿಂದೊಮ್ಮೆ ಹೆಸರಿಗೆ 14 ಅಕ್ಷರಗಳಷ್ಟೇ ಮಿತಿಯಂತೆ, ನಮ್ಮ ಕಡೆಯ ಮನೆತನದ ಹೆಸರುಗಳು ಅದರೊಳಗೆ ಹೇಗೆ ಹಿಡಿಸಬೇಕು!) ಆ ಸಂಖ್ಯೆಯ ಐನೋಡಿನಲ್ಲಿ ಕಡತದ ಗಾತ್ರ, ಒಡೆಯ, ಅದು ಡಿಸ್ಕಿನ ಯಾವ ಭಾಗದಲ್ಲಿದೆಯೆಂಬ ವಿವರ ಎಲ್ಲವೂ ಇರುತ್ತವೆ, ಹೆಸರು ಮಾತ್ರ ಇರುವುದಿಲ್ಲ. ಪುಸ್ತಕದ ಹಾಳೆಯನ್ನು ಗೆದ್ದಲು ತಿಂದರೂ ಮಕ್ಕಳು ತರಗತಿಯಲ್ಲಿ ಕುಳಿತೇ ಇರುತ್ತಾರಷ್ಟೆ. ನನ್ನ ಆಸೆಯೆಲ್ಲ ಅದರ ಮೇಲಿತ್ತು.

ಮೊದಲು ಆ ಡಿಸ್ಕನ್ನು ಬಳಕೆಯಿಂದ ಬಿಡಿಸಿ, ಅದರ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ಇಳಿಸಿದೆ. ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ಆದೇಶವನ್ನು ಪಡಿಯಚ್ಚಿನ ಮೇಲಷ್ಟೇ ನಡೆಸಿದೆ. ಅದೂ ಮೊದಲ ಸಲ ಏನನ್ನೂ ತಿದ್ದದೆ ನೋಡುವಂತೆ. ಅದು ಕೇಳಿದ್ದಕ್ಕೆಲ್ಲ ‘ಹೌದು’ ಎಂದುಬಿಡುವುದು ಅವಸರದವರ ಕೆಲಸ. ಮೂಲವನ್ನೇ ತಿದ್ದಿ ಕೆಡಿಸಿದರೆ ಹಿಂದಿರುಗುವ ದಾರಿಯಿಲ್ಲ. ಎರಡನೆಯ ಸಲ ತಿದ್ದಲು ಬಿಟ್ಟಾಗ, ಹೆಸರಿಲ್ಲದ ಐನೋಡುಗಳನ್ನು ಅದು ಹುಡುಕಿ ‘ಲಾಸ್ಟ್ ಅಂಡ್ ಫೌಂಡ್’ ಎಂಬ ಡೈರೆಕ್ಟರಿಯಲ್ಲಿ ಬರಿಯ ಸಂಖ್ಯೆಗಳನ್ನೇ ಹೆಸರಾಗಿಸಿ ಸಾಲಾಗಿ ಇರಿಸಿತು.

ಇನ್ನು ಒಂದೊಂದನ್ನೂ ಓದಿಯೇ ಗುರುತಿಸಬೇಕು. ರಾತ್ರಿ ಹನ್ನೊಂದರ ಹೊತ್ತಿಗೆ ತೆರೆದ ಕಡತದಲ್ಲಿ ತಲೆಬರಹವಿಲ್ಲ, ಲೇಖಕರ ಹೆಸರೂ ಇಲ್ಲ. ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟಿ ಶಾಲೆಗೆ ಹೋಗುತ್ತಿದ್ದ ಹುಡುಗನೊಬ್ಬನ ನೆನಪು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಮನೆಯ ಜಗಲಿಯಲ್ಲಿ ಹಿರಿಯರು ಆಡಿದ ಮಾತುಗಳು. ಎರಡು ಸಾಲು ಓದುವುದರೊಳಗೆ ಮಾಸ್ತರರ ಧ್ವನಿ ಕೇಳಿಸಿತು. ಕಡತಕ್ಕೆ ಅವರ ಹೆಸರನ್ನಿಟ್ಟು, ಮೂರು ಕಡೆ ಪ್ರತಿ ತೆಗೆದು ಮಲಗಿದೆ.

ಒಂದು ಲೇಖನ ಮಾತ್ರ ಐನೋಡೇ ಕೆಟ್ಟು ಮರಳಲಿಲ್ಲ. ಬರೆದಿದ್ದ ಅಕ್ಕನವರು ಬೇಸರಿಸದೆ ಮತ್ತೆ ಬರೆದು ಕೊಟ್ಟಿದ್ದಾರೆ. ಮೊದಲಿನದೇ ಚೆನ್ನಾಗಿತ್ತೆಂದು ಈಗಲೂ ಹೇಳುತ್ತಾರೆ.