ಮೂರು ಕಾಲಿನ ಆಕ್ಟೋಪಸ್

ಜತ್ತದ ಪೇಟೆಯಲ್ಲಿ ಮೊಬೈಲ್ ಅಂಗಡಿಗೆ ಹೋಗಿ 'ಬಗ್ಗುವ ಕಾಲಿನ ಸಣ್ಣ ಟ್ರೈಪಾಡ್ ಕೊಡಿ' ಎಂದರೆ ಅಂಗಡಿಯ ಹುಡುಗ ಒಂದು ಕ್ಷಣ ನಮ್ಮ ಮುಖ ನೋಡುತ್ತಾನೆ. ಆಮೇಲೆ 'ಆಕ್ಟೋಪಸ್ ಬೇಕೇನ್ರಿ?' ಎಂದು ತೆಗೆದುಕೊಡುತ್ತಾನೆ. ಎಂಟು ಕಾಲಿನ ಕಡಲ ಪ್ರಾಣಿಯ ಹೆಸರು ಮೂರೇ ಕಾಲಿನ ಈ ವಸ್ತುವಿಗೆ ಹೇಗೆ ಅಂಟಿತೋ! ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಟ್ಯಾಂಕರಿನ ದಾರಿ ಕಾಯ್ದು ಬೆಳೆದ ನಮ್ಮಂಥವರಿಗೆ ಆಕ್ಟೋಪಸ್ಸಿನ ಪರಿಚಯವಾದದ್ದು ಹೀಗೆ. ಕಡಲ ಪಕ್ಕದಲ್ಲೇ ಇರುವ ಕಾಸರಗೋಡಿನ ಓದುಗರು ನಗಬಾರದು.

ಅದು ಒಂದು ಗೇಣು ಎತ್ತರದ ಸಾಮಾನು. ಕಾಲುಗಳ ಒಳಗೆ ದಪ್ಪ ತಂತಿ, ಮೇಲೆ ಸ್ಪಂಜಿನ ಹೊದಿಕೆ. ತಲೆಯ ಮೇಲೆ ಕ್ಯಾಮರಾ ಕೂಡಿಸಲು ಕಾಲು ಇಂಚಿನ ತಿರುಪು, ಮೊಬೈಲ್ ಆದರೆ ಅದನ್ನು ಕಚ್ಚಿ ಹಿಡಿಯುವ ಒಂದು ಚಿಮಟ. ಈ ಜಾತಿಗೆ ಹೆಸರು ತಂದದ್ದು 2006ರಲ್ಲಿ ಅಮೆರಿಕದ ಜೋಬಿ ಕಂಪನಿ ಹೊರತಂದ 'ಗೊರಿಲ್ಲಾಪಾಡ್'. ಅದರ ಕಾಲುಗಳಲ್ಲಿ ತಂತಿಯಿಲ್ಲ. ಗುಂಡು ಬಟ್ಟಲಿನಲ್ಲಿ ಕೂತಂಥ ಕೀಲುಗಳು ಸಾಲಾಗಿ ಜೋಡಿಸಿವೆ, ನಮ್ಮ ಭುಜದ ಕೀಲು ಇದ್ದ ಹಾಗೆ. ತಂತಿಯದನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಒಳಗೊಳಗೇ ಮುರಿಯುತ್ತದೆ. ಕೀಲಿನದು ಹೆಚ್ಚು ದಿನ ಬಾಳುತ್ತದೆ. ನನ್ನದು ತಂತಿಯದೇ, 250 ರೂಪಾಯಿಯದು.

ಸ್ಟ್ಯಾಂಡ್ ಎಂಬುದು ಕ್ಯಾಮರಾದಷ್ಟೇ ಹಳೆಯದು. 1839ರಲ್ಲಿ ಫ್ರಾನ್ಸಿನ ಡಗೇರನ ವಿಧಾನ ಪ್ರಕಟವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲುವ ಶಕ್ತಿ ಮನುಷ್ಯನ ಕೈಗಿಲ್ಲ. 1888ರಲ್ಲಿ ಈಸ್ಟ್‌ಮನ್ನನ ಕೊಡಕ್ ಕ್ಯಾಮರಾ ಬಂದ ಮೇಲೆ ಫೋಟೋ ತೆಗೆಯುವುದು ಕೈಯ ಕೆಲಸವಾಯಿತು. ಅಂದಿನಿಂದ ಒಂದು ಸಣ್ಣ ಅನ್ಯಾಯವೂ ಶುರುವಾಯಿತು. ಮನೆಯಲ್ಲಿ ಕ್ಯಾಮರಾ ಹಿಡಿದವನು ಚಿತ್ರದಲ್ಲಿ ಇರುವುದಿಲ್ಲ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋದ ಹತ್ತಾರು ಫೋಟೋಗಳಿವೆ. ಅವುಗಳನ್ನು ನೋಡಿದವರು ನಾನು ಜಾತ್ರೆಗೇ ಹೋಗಲಿಲ್ಲವೆಂದು ತಿಳಿಯಬೇಕು.

ನಮ್ಮ ಭಾಗದ ಹಳೆಯ ಮನೆಗಳನ್ನು ನೋಡಿದವರಿಗೆ ಈ ಆಕ್ಟೋಪಸ್ಸಿನ ಉಪಯೋಗ ಬೇಗ ತಿಳಿಯುತ್ತದೆ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ತಂಪಾದ ನಸುಗತ್ತಲೆ. ಅಂಥಲ್ಲಿ ಕ್ಯಾಮರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ, ಸೆಕೆಂಡಿನ ಹದಿನೈದನೆಯ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟರಲ್ಲಿ ಕೈ ಅಲುಗಿ ಮುಖ ಮಸುಕಾಗುತ್ತದೆ. ದೊಡ್ಡ ಸ್ಟ್ಯಾಂಡ್ ತಂದರೆ ಅದಕ್ಕೆ ಕಾಲು ಚಾಚಲು ಪಡಸಾಲೆಯಲ್ಲಿ ಜಾಗವಿಲ್ಲ. ಇದೋ, ಕಿಟಕಿಯ ಸರಳನ್ನು ತಬ್ಬುತ್ತದೆ, ಬೇವಿನ ಟೊಂಗೆಗೆ ಜೋತು ಬೀಳುತ್ತದೆ, ಬಂಡಿಯ ನೊಗದ ಮೇಲೂ ಕೂಡುತ್ತದೆ. ಎರಡು ಕಾಲು ಸುತ್ತಿ ಮೂರನೆಯದನ್ನು ಗೋಡೆಗೆ ಆನಿಸಿದರೆ ಭದ್ರ. ಮೇಲೆ ಭಾರ ಹೆಚ್ಚಿದರೆ ಮೆಲ್ಲಗೆ ತಲೆ ಬಾಗಿಸುತ್ತದೆ. ಅದರ ದುಡಿಮೆಗೂ ಒಂದು ಮಿತಿಯುಂಟು. 10 ಸೆಕೆಂಡಿನ ಟೈಮರ್ ಇಟ್ಟರೆ ಬಟನ್ ಒತ್ತಿದ ಅದುರು ಅಡಗಿರುತ್ತದೆ, ಒತ್ತಿದವನು ಓಡಿಬಂದು ಎಲ್ಲರ ಸಾಲಿನಲ್ಲಿ ನಿಲ್ಲಲೂ ಆಗುತ್ತದೆ.

ಬ್ಯಾಂಕಿನ ಕೌಂಟರಿನಲ್ಲೂ ಅದಕ್ಕೆ ಕೆಲಸ ಸಿಕ್ಕಿದೆ. ನವೆಂಬರ್ ಬಂತೆಂದರೆ ಪಿಂಚಣಿದಾರರು 'ಹಯಾತಿ' ಕೊಡಲು ಬರುತ್ತಾರೆ, ಅಂದರೆ ತಾವು ಬದುಕಿದ್ದೇವೆಂದು ರುಜುವಾತು ಮಾಡಲು. 2021ರ ನವೆಂಬರಿನಿಂದ ಮೊಬೈಲಿಗೆ ಮುಖ ತೋರಿಸಿಯೇ ಈ ಕೆಲಸ ಮುಗಿಸುವ ಸೌಲಭ್ಯ ಬಂದಿದೆ. ದುಡಿದು ಬೆರಳಿನ ಗೆರೆ ಸವೆದವರಿಗೆ ಅದು ದೊಡ್ಡ ಉಪಕಾರ. ಆದರೆ ನಡುಗುವ ಕೈಯಲ್ಲಿ ಮೊಬೈಲ್ ಹಿಡಿದು, ಹೇಳಿದಾಗ ಕಣ್ಣು ಮಿಟುಕಿಸುವುದು ಎಪ್ಪತ್ತು ದಾಟಿದವರಿಗೆ ಸುಲಭವಲ್ಲ. ನಾನು ಆಕ್ಟೋಪಸ್ಸನ್ನು ಕೌಂಟರಿನ ಸರಳಿಗೆ ಸುತ್ತಿ ಅವರೆದುರು ನಿಲ್ಲಿಸುತ್ತೇನೆ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಗುರುಗಳೊಬ್ಬರು ತಮ್ಮ ಊರುಗೋಲನ್ನೂ ಅದನ್ನೂ ನೋಡಿ, 'ನನಗೂ ಮೂರ ಕಾಲು, ಇದಕ್ಕೂ ಮೂರ ಕಾಲು. ಜೋಡಿ ಚಲೋ ಆತು ಬಿಡ್ರಿ' ಎಂದರು.

ಇನ್ನು ನಮ್ಮ ಅವ್ವನ ವಿಷಯ. ಅವಳಿಗೆ ಎಪ್ಪತ್ತೈದು. ಬೀಸುವ ಪದ, ಸೋಬಾನದ ಪದ, ದಾನಮ್ಮನ ಪದ ಎಷ್ಟು ಬರುತ್ತವೆಂದು ಎಣಿಸಿದವರಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಪದಗಳಿಗೂ ಕೆಲಸ ತಪ್ಪಿತು. ನನ್ನ ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಅವಳಿಗಾಗಿ ಈ ಪದಗಳನ್ನು ಹಿಡಿದಿಡಬೇಕೆಂದು ಒಂದು ದಿನ ಮೊಬೈಲ್ ಹಿಡಿದು ಅವ್ವನ ಮುಂದೆ ಕುಳಿತೆ. ಅವ್ವ ಸೆರಗು ಸರಿಮಾಡಿಕೊಂಡಳು, ಮದುವೆಯ ಫೋಟೋಕ್ಕೆ ಕುಳಿತಂತೆ ನೆಟ್ಟಗೆ ಕುಳಿತಳು, ಸುಮ್ಮನಾದಳು.

'ಅದನ್ನ ಮಾರಿಗೆ ಹಿಡದರ ಪದಾ ಹೆಂಗ ಬರ್ತಾವೋ ತಮ್ಮಾ? ಕೈ ಖಾಲಿ ಇದ್ದರ ಬಾಯಿಗೆ ಏನೂ ಬರೂದಿಲ್ಲ ನೋಡು' ಎಂದಳು.

ಮರುದಿನ ಭಾನುವಾರ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಆಕ್ಟೋಪಸ್ಸನ್ನು ಅವಳ ಕಣ್ಣೆದುರೇ ಕಿಟಕಿಯ ಸರಳಿಗೆ ಬಿಗಿದೆ, ಮೊಬೈಲ್ ಚಾಲೂ ಮಾಡಿದೆ, ಎದುರಿಗೆ ಕುಳಿತು ಹರಳು ಆರಿಸತೊಡಗಿದೆ. ಕಾಕಾನ ಮದುವೆಯ ಮಾತು ಬಂತು, ಆ ಮದುವೆಯಲ್ಲಿ ಹಾಡಿದ ಪದದ ಮಾತು ಬಂತು. ಸ್ವಲ್ಪ ಹೊತ್ತಿಗೆ ಪದವೇ ಬಂತು. ನಡುವೆ ಕೋಳಿಯನ್ನು ಬೈದು ಓಡಿಸಿದಳು, ಒಂದು ನುಡಿ ಮರೆತಳು, ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಮಗಳು ಬಂದು ನಮ್ಮ ನಡುವೆ ಕುಳಿತಳು. 'ಆಯಿ, ಬಳ್ಳ ಅಂದ್ರ ಏನು?' ಎಂದು ಕೇಳಿದಳು. 'ಜೋಳಾ ಅಳಿಯೂದು, ತಡಿ ತೋರಸ್ತೀನಿ' ಎಂದು ಅವ್ವ ಎದ್ದು ಒಳಗೆ ಹೋದಳು. ಚಿತ್ರದಲ್ಲಿ ಒಂದು ನಿಮಿಷ ಅವಳ ಜಾಗ ಖಾಲಿಯಾಗಿದೆ. ಒಳಗಿನಿಂದ ಪಾತ್ರೆ ಸರಿಸುವ ಸಪ್ಪಳ ಮಾತ್ರ ಕೇಳುತ್ತದೆ. ಆಮೇಲೆ ನೆಗ್ಗಿದ ಹಳೆಯ ಬಳ್ಳ ಹಿಡಿದು ಬರುತ್ತಾಳೆ. ಆ ಖಾಲಿ ನಿಮಿಷವನ್ನು ನಾನು ಕತ್ತರಿಸಿಲ್ಲ.

ಅರ್ಧ ಗಂಟೆ ಮೊಬೈಲನ್ನು ಕೈಯಲ್ಲಿ ಹಿಡಿದು ಕೂಡಲು ಯಾರಿಗೂ ಆಗದು. ಆದರೂ ಕೈಸೋಲು ದೊಡ್ಡ ಮಾತಲ್ಲ. ಕೈಯಲ್ಲಿ ಮೊಬೈಲ್ ಇರುವ ತನಕ ನಾನು ಅವ್ವನಿಗೆ ಫೋಟೋದವನು. ಅದು ಕಿಟಕಿಗೆ ಹೋದ ಮೇಲೆ ಮಗ. ನನ್ನ ಎರಡೂ ಕೈಗೆ ಜೋಳ ಸಿಕ್ಕಿತು, ಅವಳ ಪದಕ್ಕೆ ಕೇಳುವವರು ಸಿಕ್ಕರು. ಆ ವಿಡಿಯೋದಲ್ಲಿ ನಾನೂ ಇದ್ದೇನೆ, ಕೂದಲು ತೆಳ್ಳಗಾದ ತಲೆಯ ಹಿಂಭಾಗ ಮಾತ್ರ.

ನಮ್ಮ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ನಿಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿಯಲ್ಲಿ ಎರಡೂ ಕಡೆಯ ಹೆಸರು ಕರ್ನಾಟಕಕ್ಕೆ ಹೋಗಬೇಕಾದ ಪ್ರದೇಶಗಳ ಸಾಲಿನಲ್ಲಿತ್ತು; ವರದಿ ವರದಿಯಾಗಿಯೇ ಉಳಿಯಿತು. ಗಡಿಯ ಮಾತು ದೊಡ್ಡವರ ಕೈಯಲ್ಲಿದೆ. ಮನೆಯ ಮಾತಿನ ಹಯಾತಿಯನ್ನು ಮನೆಯವರೇ ಕೊಡಬೇಕು, ಅದೂ ನವೆಂಬರಿನಲ್ಲಿ ಮಾತ್ರವಲ್ಲ. ನಿಮ್ಮಲ್ಲಿ ಯಕ್ಷಗಾನದ ಪದ ಹೇಳುವ ಅಜ್ಜ ಇರಬಹುದು, ಮಲಯಾಳಂ ಮನೆಯಿಂದ ಬಂದ ಸೊಸೆಗೆ ಕನ್ನಡದ ಹಾಡು ಕಲಿಸುವ ಅಜ್ಜಿ ಇರಬಹುದು. ಜಗಲಿಯ ಕಂಬಕ್ಕೆ ಈ ಮೂರು ಕಾಲನ್ನು ಸುತ್ತಿರಿ, ಅವರ ಒಪ್ಪಿಗೆ ಕೇಳಿರಿ, ಆಮೇಲೆ ಅವರ ಜೊತೆ ಏನಾದರೂ ಕೆಲಸ ಹಿಡಿಯಿರಿ. ಮುಗಿದ ಮೇಲೆ ಹೆಸರು, ಊರು, ತಾರೀಖು ಬರೆದು ಎರಡು ಕಡೆ ಪ್ರತಿ ಇಡಿರಿ. ಲೆಕ್ಕದ ಪುಸ್ತಕದ ನಡುವೆ ಬದುಕುವವನ ಮಾತು ಇದು.

ನಮ್ಮ ಮನೆಯಲ್ಲಿ ಈವರೆಗೆ ಹನ್ನೊಂದು ಪದ ಸೇರಿವೆ. ಬೀಸುವ ಪದಗಳನ್ನು ಮಾತ್ರ ಅವ್ವ ಇನ್ನೂ ಹಾಡಿಲ್ಲ. ಅವುಗಳಿಗೆ ಕಲ್ಲು ಬೇಕಂತೆ. ಮುಂದಿನ ಭಾನುವಾರ ಮೂಲೆಯ ಬೀಸುಕಲ್ಲನ್ನು ಪಡಸಾಲೆಗೆ ತರಬೇಕು. ಎತ್ತಲು ಇಬ್ಬರು ಬೇಕು. ಮಗಳು ಒಪ್ಪಿದ್ದಾಳೆ.