ಖಾತೆಗೆ ಏರದ ಕೂಸು

ಕಳೆದ ಬೇಸಿಗೆಯ ಒಂದು ಸೋಮವಾರ, ಪದವಿ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ನಮ್ಮ ಕೊಡಿಗೇನಹಳ್ಳಿಗೆ ಸಮೀಪದ ಒಂದು ಶಿಶುಪಾಲನಾ ಕೇಂದ್ರದಲ್ಲಿ ಇಂಟರ್ನ್‌ಶಿಪ್ ಆರಂಭಿಸಿದಳು. ಕಾಲೇಜಿನ ನಿಯಮದಂತೆ ಆರು ವಾರಗಳ ತರಬೇತಿ. "ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ತರಬೇತಿಯೇ? ನಿಮ್ಮಜ್ಜಿ ಯಾವ ಕಾಲೇಜಿನಲ್ಲಿ ಕಲಿತಳಮ್ಮ?" ಎಂದು ನಾನು ನಕ್ಕೆ. "ಸಂಜೆ ಬಂದು ಹೇಳುತ್ತೇನೆ ತಾತ" ಎಂದಷ್ಟೇ ಹೇಳಿ ಅವಳು ಹೊರಟಳು.

ಸಂಜೆ ಬಂದವಳ ಮುಖದಲ್ಲಿ ದಣಿವಿತ್ತು. ಅಲ್ಲಿನ ಮೇಲ್ವಿಚಾರಕಿ ಅವಳಿಗೆ ಮೊದಲ ದಿನ ಒಂದು ಮಗುವನ್ನೂ ಎತ್ತಿಕೊಳ್ಳಲು ಬಿಡಲಿಲ್ಲವಂತೆ. "ನೆಲದ ಮೇಲೆ ಕುಳಿತಿರು, ಮಕ್ಕಳು ತಾವಾಗಿ ನಿನ್ನ ಬಳಿಗೆ ಬರಲಿ" ಎಂದರಂತೆ. ತಾಯಿಯಾದವಳು ಮಗುವಿನ ಕಣ್ಣು ತಪ್ಪಿಸಿ ಹೋಗಬಾರದು, ಅದು ಅತ್ತರೂ ಸರಿ, ಹೇಳಿಯೇ ಹೋಗಬೇಕು. ಇಲ್ಲವಾದರೆ ಮಗುವಿನ ನಂಬಿಕೆ ಕೆಡುತ್ತದೆ. ಮಕ್ಕಳು ಹೊಸ್ತಿಲು ದಾಟುವಾಗಲೆಲ್ಲ ತಲೆ ಎಣಿಸಬೇಕು. ಯಾರು ಎಷ್ಟು ಉಂಡರು, ಎಷ್ಟು ಹೊತ್ತು ಮಲಗಿದರು ಎಂದು ಬರೆದಿಡಬೇಕು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರ ಕೈಗೆ ಮಾತ್ರ ಮಗುವನ್ನು ಒಪ್ಪಿಸಬೇಕು. ಕಡಲೆಕಾಯಿ, ಬೀಜ, ಗುಂಡಿ, ನಾಣ್ಯ ಇವಾವುವೂ ಪುಟ್ಟ ಕೈಗಳಿಗೆ ಎಟುಕಬಾರದು.

"ಇಡೀ ದಿನ ಏನೂ ಆಗಲಿಲ್ಲ ತಾತ. ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಕೆಲಸ" ಎಂದಳು.

ನಾನು ಬಿ.ಕಾಂ. ಓದಿದವನು, ನಲವತ್ತು ವರ್ಷ ವ್ಯಾಪಾರ ಮಾಡಿದವನು. ಪ್ರತಿ ರಾತ್ರಿ ಗಲ್ಲಾಪೆಟ್ಟಿಗೆಯ ಹಣವನ್ನು ಎರಡು ಬಾರಿ ಎಣಿಸದೆ ಬೀಗ ಹಾಕಿದವನಲ್ಲ. ಆದುದರಿಂದ ಅವಳ ಮಾತು ನನಗೆ ಸುಲಭವಾಗಿ ಅರ್ಥವಾಯಿತು. ಅರ್ಥವಾದೊಡನೆ ಹಳೆಯ ನೆನಪೊಂದು ಎದ್ದು ಕುಳಿತಿತು.

ನಮ್ಮ ಸೀಮೆಯಲ್ಲಿ ಬೇಸಿಗೆಯೆಂದರೆ ಹುಣಸೆಹಣ್ಣಿನ ಕಾಲ. 1980ರ ದಶಕದಲ್ಲಿ ನನ್ನ ಗೋದಾಮಿನಲ್ಲಿ ಎಂಟು ಹತ್ತು ಮಂದಿ ಹೆಂಗಸರು ಕುಳಿತು ಹಣ್ಣು ಕುಟ್ಟಿ, ನಾರು ಬೀಜ ಬೇರ್ಪಡಿಸುತ್ತಿದ್ದರು. ಕೂಲಿ ಕಿಲೋ ಲೆಕ್ಕದ್ದು. ಅವರಲ್ಲೊಬ್ಬಳು ಆಗತಾನೇ ನಡೆಯಲು ಕಲಿತ ಕೂಸನ್ನು ಜೊತೆಗೆ ತರುತ್ತಿದ್ದಳು. ಒಂದು ದಿನ ಆ ಕೂಸು ಯಾರ ಗಮನಕ್ಕೂ ಬಾರದೆ ರಸ್ತೆಗೆ ಇಳಿಯಿತು. ಲಾರಿಯ ಚಾಲಕನು ಬ್ರೇಕು ಹಾಕಿದ್ದರಿಂದ ಉಳಿಯಿತು. ಮರುದಿನದಿಂದ ಆ ತಾಯಿ ಹಳೆಯ ಸೀರೆಯ ಸೆರಗನ್ನು ಹರಿದು ಕೂಸಿನ ಸೊಂಟಕ್ಕೆ ಸುತ್ತಿ ಗೋದಾಮಿನ ಕಂಬಕ್ಕೆ ಕಟ್ಟತೊಡಗಿದಳು. ಅದನ್ನು ಕಂಡು ನಾನು, "ಇದು ಒಳ್ಳೆಯ ಉಪಾಯ" ಎಂದೆ. ಹಾಗೆಂದು ಗದ್ದಿಗೆಗೆ ಹೋಗಿ ಲೆಕ್ಕ ಬರೆಯಲು ಕುಳಿತೆ.

ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ನನ್ನನ್ನು ದೂರಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಕಟ್ಟಿರುತ್ತಿದ್ದರು ತಾತ? ಅದರ ಹೆಸರೇನು?" ಎಂದು ಮಾತ್ರ ಕೇಳಿದಳು. ಆ ವರ್ಷ ಎಷ್ಟು ಮೂಟೆ ಹಣ್ಣು ಬಂತು, ಎಷ್ಟು ಬೀಜ ಹೋಯಿತು ಎಂಬುದನ್ನು ಹಳೆಯ ಖಾತೆ ಪುಸ್ತಕ ತೆಗೆದರೆ ಇಂದಿಗೂ ಹೇಳಬಲ್ಲೆ. ಅವಳ ಎರಡು ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪರ್ಯೂಷಣದ ದಿನಗಳಲ್ಲಿ ಇವುಗಳ ಮೇಲೆ ನಾನು ಎಷ್ಟೋ ಬಾರಿ ಮಾತನಾಡಿದ್ದೇನೆ. ಬಂಧವೆಂದಾಗಲೆಲ್ಲ ಎತ್ತು, ಹಸುಗಳನ್ನು ಬಿಗಿಯಾಗಿ ಕಟ್ಟುವುದರ ಉದಾಹರಣೆ ಕೊಟ್ಟೆನೇ ಹೊರತು ನನ್ನ ಕಂಬ ನೆನಪಾಗಲಿಲ್ಲ. ತಾಯಿಯದು ತಪ್ಪೆನ್ನಲಾರೆ, ಆಕೆ ಮಗುವನ್ನು ಉಳಿಸಿಕೊಳ್ಳಲು ಕಟ್ಟಿದಳು. ಕೂಸಿನ ಕಡೆ ತಿರುಗಿದ ಪ್ರತಿ ಗಳಿಗೆಗೂ ಆಕೆಯ ಕೂಲಿ ಕಡಿಮೆಯಾಗುತ್ತಿತ್ತು. ಗಂಟು ಹಾಕಿದ ಕೈ ಆಕೆಯದು, ಹಾಕಿಸಿದ ದರ ನನ್ನದು.

ಕಾನೂನು ನನ್ನನ್ನು ಕೇಳಲಿಲ್ಲವೆಂಬುದು ನಿಜ. 1948ರ ಕಾರ್ಖಾನೆ ಕಾಯಿದೆ ಆಗ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಲ್ಲಿ ಮಾತ್ರ ಶಿಶುಗೃಹವನ್ನು ಕಡ್ಡಾಯ ಮಾಡಿತ್ತು. ನನ್ನಲ್ಲಿದ್ದವರು ಹತ್ತು ಮಂದಿ. ಆದರೆ ಕಣ್ಣಿದ್ದವರು ಕಾನೂನಿಗೆ ಕಾಯಲಿಲ್ಲ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ದೆಹಲಿಯ ರಾಜಘಾಟಿನ ಬಳಿ ಕಟ್ಟಡದ ಕೆಲಸ ನಡೆದಿದ್ದಾಗ ಕೂಲಿಕಾರರ ಮಕ್ಕಳು ಧೂಳಿನಲ್ಲಿ ಬಿದ್ದಿದ್ದುದನ್ನು ಕಂಡು ಮೀರಾ ಮಹಾದೇವನ್ ಅವರು ಅಲ್ಲಿಯೇ ಶಿಶುಪಾಲನೆಗೆ ತೊಡಗಿದರು. ಅದರಿಂದಲೇ 'ಮೊಬೈಲ್ ಕ್ರೆಷಸ್' ಸಂಸ್ಥೆ ಬೆಳೆಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಅಂಗನವಾಡಿಗಳು ತೆರೆದದ್ದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. 2005ರ ಉದ್ಯೋಗ ಖಾತರಿ ಕಾಯಿದೆಯು ಕಾಮಗಾರಿಯ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ, ಆಕೆಗೂ ಕೂಲಿ ಕೊಡಬೇಕೆಂದು ವಿಧಿಸಿತು. ಕರ್ನಾಟಕ ಸರ್ಕಾರವು 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ'ಗಳನ್ನು ಘೋಷಿಸಿತು. ಇವುಗಳೆಲ್ಲದರ ಹಿಂದೆ ಇರುವ ತಿಳಿವಳಿಕೆ ಒಂದೇ: ಮಗುವನ್ನು ಕಾಯುವುದು ದುಡಿಮೆ, ಅದಕ್ಕೆ ಕಲಿಕೆ ಬೇಕು, ಕೂಲಿಯೂ ಬೇಕು. ಹತ್ತು ಮಂದಿಯಲ್ಲಿ ಒಬ್ಬಳನ್ನು ನಾನು ಆ ಕೆಲಸಕ್ಕೆ ಕೂರಿಸಿ ದಿನಗೂಲಿ ಕೊಟ್ಟಿದ್ದರೆ ನನ್ನ ಲಾಭ ಸ್ವಲ್ಪ ಇಳಿಯುತ್ತಿತ್ತು, ನಷ್ಟವಂತೂ ಆಗುತ್ತಿರಲಿಲ್ಲ. ಆ ಲೆಕ್ಕವನ್ನು ಮೊನ್ನೆ ಕುಳಿತು ಹಾಕಿ ನೋಡಿದೆ.

ಎರಡನೆಯ ವಾರ ಮೊಮ್ಮಗಳು, ಕೇಂದ್ರದ ಬಾಗಿಲು ನೇರ ರಸ್ತೆಗೆ ತೆರೆಯುತ್ತದೆ, ಅಡ್ಡಲಾಗಿ ಮೊಣಕಾಲೆತ್ತರದ ಮರದ ತಡೆ ಬೇಕು ಎಂದಳು. "ಸೊಂಟದೆತ್ತರ ಇರಲಿ" ಎಂದು ನಾನು ಬಡಗಿಯನ್ನು ಕರೆಸಿದೆ. "ಅಗುಳಿ ಹೊರಮಗ್ಗುಲಿಗಿರಲಿ, ಅಂಚು ಉಜ್ಜಿರಲಿ, ಮೊಳೆ ಎಲ್ಲಿಯೂ ಏಳದಿರಲಿ" ಎಂದು ಅವಳೇ ನಿಂತು ಹೇಳಿ ಮಾಡಿಸಿದಳು. ತಡೆಯ ಮೇಲೆ ದಾನಿಯ ಹೆಸರು ಬರೆಯಲೇ ಎಂದು ಬಡಗಿ ಕೇಳಿದ, ಬೇಡವೆಂದೆ.

ಆ ರಾತ್ರಿ ಖರ್ಚನ್ನು ಬರೆಯಲು ಕುಳಿತಾಗ ವಾಡಿಕೆಯಂತೆ ಧರ್ಮದ ಖಾತೆಯ ಪುಟ ತೆರೆದೆ. ಬಳಿಕ ಅದನ್ನು ಮಡಿಸಿ, ತೀರಿಸಬೇಕಾದ ಸಾಲಗಳ ಪುಟದಲ್ಲಿ ಬರೆದೆ. ಹೆಸರಿನ ಕಡೆ ಜಾಗ ಖಾಲಿ ಬಿಟ್ಟಿದ್ದೇನೆ. ಆ ಕೂಸಿಗೆ ಈಗ ನಲವತ್ತರ ಹತ್ತಿರ ವಯಸ್ಸಾಗಿರಬೇಕು. ಎಲ್ಲಿದೆಯೋ, ವಿಚಾರಿಸುತ್ತಿದ್ದೇನೆ.