ತಾತನಿಗೆ ಕೇಳದ ವೀಣೆ

ಮೈಸೂರಿನ ಸರಸ್ವತಿಪುರಂನ ಆ ಮನೆಯಲ್ಲಿ ಭಾನುವಾರದ ಊಟ ಮುಗಿದ ಮೇಲೆ ಒಂದು ಪುಟ್ಟ ಸಮಾರಂಭ. ಪಿಯುಸಿ ಓದುವ ಮೊಮ್ಮಗ ಅಕ್ಕನ ವೀಣೆಯನ್ನೂ ಗೆಳೆಯನ ಮೃದಂಗವನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ಬೆರೆಸಿದ್ದ. ಸಭೆಯಲ್ಲಿ ಕುಳಿತಂತೆ ಇರಲೆಂದು ಪ್ಯಾನ್ ಗುಂಡಿ ತಿರುಗಿಸಿ ವೀಣೆಯನ್ನು ಪೂರ್ತಿ ಬಲಕ್ಕೆ, ಮೃದಂಗವನ್ನು ಪೂರ್ತಿ ಎಡಕ್ಕೆ ಇರಿಸಿದ್ದ. ಮೊದಲ ಕೇಳುಗ ತಾತ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಿ ಬೆಳೆದವರು. ಹೆಡ್‌ಫೋನ್ ಹಾಕಿಕೊಂಡು ಐದು ನಿಮಿಷ ತಾಳ ಹಾಕಿ, "ಮೃದಂಗ ಭೇಷಾಗಿದೆ ಮಗು, ವೀಣೆ ಯಾವಾಗ ಶುರು?" ಎಂದರು.

ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ. ಬಾಲ್ಯದಲ್ಲಿ ಬಂದ ಮಂಗನಬಾವು ತಾತನ ಬಲಗಿವಿಯನ್ನು ಕೊಂಡೊಯ್ದಿದ್ದುದು ಮನೆಯವರಿಗೇ ಮರೆತುಹೋಗಿತ್ತು.

ಹಾಗಾದರೆ ಇಷ್ಟು ವರ್ಷ ಕಚೇರಿಗಳಲ್ಲಿ ಅವರಿಗೆ ವೀಣೆ ಕೇಳಿದ್ದು ಹೇಗೆ? ಸಭೆಯಲ್ಲಿ ಬಲಗಡೆಯ ನಾದ ತಲೆಯನ್ನು ಬಳಸಿಕೊಂಡು ಎಡಗಿವಿಗೂ ಬರುತ್ತದೆ. ತುಸು ಕ್ಷೀಣವಾಗಿ, ತುಸು ತಡವಾಗಿ. ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದಕ್ಕೆ ತಲೆ ಸುತ್ತಲು ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಸಾಕು. ಆ ಅಲ್ಪ ಅಂತರವನ್ನೂ ಬಲದ ವ್ಯತ್ಯಾಸವನ್ನೂ ಸೇರಿಸಿ ಮಿದುಳು ದಿಕ್ಕನ್ನು ಗುರುತಿಸುತ್ತದೆಂದು 1907ರಲ್ಲೇ ಲಾರ್ಡ್ ರ್‍ಯಾಲೇ ವಿವರಿಸಿದ್ದರು. ಸಾಮಾನ್ಯ ಪ್ಯಾನ್ ಗುಂಡಿಗೆ ಈ ತಡ ಗೊತ್ತಿಲ್ಲ. ಅದು ಒಂದು ಕಡೆ ಧ್ವನಿ ಏರಿಸಿ ಇನ್ನೊಂದು ಕಡೆ ಇಳಿಸುತ್ತದೆ, ಅಷ್ಟೆ. ಸ್ಪೀಕರಿನಲ್ಲಾದರೆ ಕೋಣೆಯ ಗಾಳಿ ಎರಡನ್ನೂ ಬೆರೆಸೀತು. ಹೆಡ್‌ಫೋನಿನಲ್ಲಿ ಅದಕ್ಕೂ ಎಡೆಯಿಲ್ಲ.

ಅಕ್ಕ ತಾನೂ ಕೇಳಿದಳು. "ನನ್ನ ವೀಣೆ ಯಾಕೋ ಬಡವಾಗಿದೆ" ಎಂದಳು. ಅದೂ ನಿಜವೇ. ವೀಣೆಗೆ ಎರಡು ಮೈಕು ಇಟ್ಟಿದ್ದರು: ಕುದುರೆಯ ಬಳಿ ಒಂದು, ಮೆಟ್ಟಿಲುಗಳ ಬಳಿ ಒಂದು. ಹೀಗೆ ಎರಡು ಪಾಲಾಗಿ ಮುದ್ರಿತವಾದ ನಾದದ ಮೇಲೆ ಅನೇಕ ತಂತ್ರಾಂಶಗಳ ಪ್ಯಾನ್ ಗುಂಡಿ ತಕ್ಕಡಿಯಂತೆ ಕೆಲಸ ಮಾಡುತ್ತದೆ. ಬಲಕ್ಕೆ ತಿರುಗಿಸಿದರೆ ಎಡದ ಮೈಕಿನ ನಾದ ಬಲಕ್ಕೆ ಸರಿಯುವುದಿಲ್ಲ, ಸುಮ್ಮನೆ ಅಡಗಿಹೋಗುತ್ತದೆ.

ಹುಡುಗ ಮತ್ತೆ ಕುಳಿತ. ಎರಡು ಮೈಕುಗಳ ನಾದವನ್ನು ಮೊದಲು ಒಂದಾಗಿಸಿ, ಆಮೇಲೆ ನಡುವಿನಿಂದ ಕೊಂಚವೇ ಬಲಕ್ಕೆ ಸರಿಸಿದ. ಮೃದಂಗವನ್ನೂ ಅಷ್ಟೇ ಎಡಕ್ಕೆ. ಬಳಿಕ ಒಂದೇ ಕಿವಿಯಲ್ಲಿ ಕೇಳಿ ಪರೀಕ್ಷಿಸಿದ. ಪ್ರೊಫೆಸರ್ ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಊರಿನಲ್ಲಿ ಬಾನುಲಿ ಆರಂಭಿಸಿದಾಗ ಎಡ ಬಲಗಳ ತಂಟೆಯೇ ಇರಲಿಲ್ಲ; ಒಂದು ಕಿವಿಯವರಿಗೂ ಎರಡು ಕಿವಿಯವರಿಗೂ ಒಂದೇ ಹಾಡು. ಇಂದಿನ ಮೊಬೈಲುಗಳಲ್ಲೂ ಎರಡು ಪಾಲನ್ನು ಒಂದಾಗಿಸುವ 'ಮೊನೊ' ಸೌಲಭ್ಯವಿದೆ. ತಾತನ ಮೊಬೈಲಿನಲ್ಲಿ ಅಂದೇ ಅದನ್ನು ಹಾಕಿಕೊಟ್ಟರು.

ತಂದೆತಾಯಿಯರು ಗಮನಿಸಬೇಕಾದ ಮಾತೂ ಇದೆ. ಒಂದು ಕಿವಿ ಕೇಳದ ಮಗು ಅದನ್ನು ತಾನಾಗಿ ಹೇಳದು. ಎಲ್ಲರಿಗೂ ಹೀಗೆಯೇ ಎಂದುಕೊಂಡಿರುತ್ತದೆ. ಸದಾ ಒಂದೇ ಕಿವಿಗೆ ಫೋನು ಹಿಡಿಯುವ, ಕರೆದರೆ ದಿಕ್ಕು ತಪ್ಪಿ ನೋಡುವ ಮಗುವಿನ ಕಿವಿ ಪರೀಕ್ಷೆ ಮಾಡಿಸುವುದು ಲೇಸು. 1965ರಲ್ಲಿ ಆರಂಭವಾದ, ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಮೈಸೂರಿನವರಿಗೆ ಹತ್ತಿರವೇ ಇದೆಯಲ್ಲ!

ಸಂಜೆ ತಾತ ಮತ್ತೆ ಕೇಳಿದರು. ನಡುವೆ ಒಮ್ಮೆ ತಾಳ ನಿಲ್ಲಿಸಿ, "ಚರಣದಲ್ಲಿ ಆತುರ ಮಾಡಿದ್ದೀಯಮ್ಮ" ಎಂದರು. ತಪ್ಪು ತೋರಿಸಿಕೊಂಡ ಮೊಮ್ಮಗಳ ಮುಖ ಅಂದು ಅರಳಿತು.